ತಿರುವಿಗೆ ಮೊದಲಿನ ಸೊಪ್ಪು

ಎಪ್ಪತ್ತರ ದಶಕದ ಆರಂಭ. ಗಡಿನಾಡಿನ ಕಾಟ್ಟಿಕುಳಂ–ಬಾವಲಿ ರಸ್ತೆಯಲ್ಲಿ ನಾನು ದುರಸ್ತಿ ಕೂಲಿಗಳ ಗ್ಯಾಂಗನ್ನು ನೋಡಿಕೊಳ್ಳುವ ವರ್ಕ್ ಇನ್ಸ್‌ಪೆಕ್ಟರ್. ಮುಂದೆ ಅಡ್ಡಿಯಿದ್ದರೆ ನೂರು ಹೆಜ್ಜೆ ಮೊದಲೇ ರಸ್ತೆಯಲ್ಲಿ ಹಸಿ ಸೊಪ್ಪಿನ ಕೊಂಬೆ ಇಡುವುದು ನಮ್ಮ ಗ್ಯಾಂಗಿನ ಪದ್ಧತಿ. ಆ ಬುಧವಾರ ಒಂದು ತಿರುವಿನಾಚೆ ಗುಂಡಿ ಮುಚ್ಚುತ್ತಿದ್ದೆವು. ಬಾಡಿಗೆ ಜೀಪು ಓಡಿಸುತ್ತಿದ್ದ ಅಪ್ಪ ನಿಧಾನಿಸಿ ತಲೆ ಹೊರಹಾಕಿದರು. ಅವರಿಗೆ ಅರವತ್ತೆರಡು.

“ಕಾಳಾ, ಸೊಪ್ಪು ಆಡಿಗೋ, ನನಗೋ?”

“ನಿಮಗೇ ಚೇಟ್ಟಾ. ಆಡಿಗೆ ಕಣ್ಣು ಸರಿ ಕಾಣ್ತದೆ,” ಎಂದ ಗ್ಯಾಂಗಿನ ಕಾಳ. ಅಪ್ಪ ನಗುತ್ತ ಗೇರ್ ಹಾಕಿದರು.

ಮರುದಿನ ಅದೇ ತಿರುವಿನಾಚೆ ಪೊಲೀಸ್ ತಪಾಸಣೆಯ ಗೇಟು ಬಂತು. ಒಂದೆಡೆ ಭೂಮಿಯ ಹೋರಾಟ, ಇನ್ನೊಂದೆಡೆ ನಕ್ಸಲರ ಓಡಾಟ. ಯಾರ ಮೇಲೂ ನಂಬಿಕೆಯಿಲ್ಲದ ಕಾಲ. ಕಾಳ ಎಂದಿನಂತೆ ಕೊಂಬೆ ಇಟ್ಟ.

“ಸೊಪ್ಪು ಕಂಡರೆ ನಕ್ಸಲರು ಹಿಂದಕ್ಕೆ ಹೋಗ್ತಾರೆ. ತೆಗೆಸು,” ಎಂದರು ಗೇಟಿನ ಅಧಿಕಾರಿ. ನಾನು ತೆಗೆಸಿದೆ.

ಮಧ್ಯಾಹ್ನ ಅಪ್ಪನ ಜೀಪು ತಿರುವು ದಾಟಿದೊಡನೆ ಗೇಟಿನ ಅಡ್ಡಮರಕ್ಕೆ ಬಡಿಯಿತು. ಆಸ್ಪತ್ರೆ ಮುಟ್ಟುವ ಮೊದಲೇ ಅವರು ತೀರಿಕೊಂಡರು.

ಪೊಲೀಸರು ವರದಿಯಲ್ಲಿ ಕಾರಣ ಬರೆದಿದ್ದರು: ಚಾಲಕನ ವಯಸ್ಸು. ಸಾಕ್ಷಿಯಾಗಿ ನಾನು ಸಹಿ ಹಾಕಬೇಕಿತ್ತು.

“ಹಾಕದಿದ್ದರೆ ನಿನ್ನ ಕೆಲಸ ಹೋಗ್ತದೆ,” ಎಂದರು ನಮ್ಮ ಎಂಜಿನಿಯರ್.

“ಹೋಗಲಿ ಸಾರ್. ಮೊದಲು ಅಳೆಯೋಣ.”

ಕಣ್ಣಿಗೆ ಅಡ್ಡಿ ಕಂಡು, ಕಾಲು ಬ್ರೇಕ್ ಒತ್ತಿ, ವಾಹನ ನಿಲ್ಲುವವರೆಗೆ ಬೇಕಾದ ದೂರಕ್ಕೆ ಸ್ಟಾಪಿಂಗ್ ಸೈಟ್ ಡಿಸ್ಟೆನ್ಸ್ ಎನ್ನುತ್ತಾರೆ. ಗೇಟು ಎತ್ತಿಸಿ, ಆ ಜಾಗದ ಅಂಚಿನಲ್ಲಿ ಕೋಲಿಗೆ ಬಿಳಿ ಬಟ್ಟೆ ಕಟ್ಟಿದೆ. ಯಾವ ತಿರುವಿನಲ್ಲೆಂದು ಚಾಲಕರಿಗೆ ಹೇಳಲಿಲ್ಲ. ಕಂಡೊಡನೆ ನಿಲ್ಲಿಸಬೇಕು, ಅಷ್ಟೆ. ಇಪ್ಪತ್ತನಾಲ್ಕರ ಹುಡುಗ ಬಟ್ಟೆಗಿಂತ ನಾಲ್ಕು ಹೆಜ್ಜೆ ಈಚೆ ನಿಲ್ಲಿಸಿದ. ಅದೇ ಜೀಪು, ಅದೇ ವೇಗ, ಅರವತ್ತರ ಚಾಲಕ ಏಳು ಹೆಜ್ಜೆ ದಾಟಿಹೋದರು. ಅಂಥದೇ ಇನ್ನೊಂದು ತಿರುವಿನಾಚೆ ಬಟ್ಟೆ ಕಟ್ಟಿ, ನೂರು ಹೆಜ್ಜೆ ಮೊದಲೇ ಕೊಂಬೆಯನ್ನೂ ಇಟ್ಟು ನೋಡಿದೆ. ಅವರೇ ಬಟ್ಟೆಗಿಂತ ಹನ್ನೆರಡು ಹೆಜ್ಜೆ ಈಚೆ ನಿಂತರು.

“ಹಾಗಾದರೆ ಮುದುಕರು ಓಡಿಸೋದು ಬಿಡಲಿ,” ಎಂದರು ಗೇಟಿನ ಅಧಿಕಾರಿ.

“ಲೈಸೆನ್ಸ್ ಕೊಟ್ಟದ್ದು ಸರ್ಕಾರವೇ ಸಾರ್. ರಸ್ತೆ ಅವರದೂ ಹೌದು.”

ಅಳತೆಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆದೆ. ಕೊಂಬೆ ತೆಗೆಯಲು ಹೇಳಿದವರು ಯಾರು, ತೆಗೆಸಿದವನು ನಾನೇ ಎಂಬುದನ್ನೂ ಬರೆದೆ. ಅದಕ್ಕೆ ಮಾತ್ರ ಸಹಿ ಹಾಕಿ, ವರದಿಯ ಜೊತೆ ಸೇರಿಸಲು ಕೊಟ್ಟೆ. ವಾರದೊಳಗೆ ಗೇಟು ನೇರ ರಸ್ತೆಗೆ ಹೋಯಿತು. ನನಗೂ ವರ್ಗವಾಯಿತು.

ಮುಂದೆ ಎಲ್ಲಿ ಕೆಲಸ ಮಾಡಿದರೂ ತಿರುವನ್ನು ನಿಧಾನವಾಗಿ ಬ್ರೇಕ್ ಒತ್ತುವ ಕಾಲಿಗೇ ಅಳೆದೆ. ಚುರುಕಾದವನು ಹೇಗೂ ನಿಲ್ಲುತ್ತಾನೆ.

ನಿವೃತ್ತನಾದ ಮೇಲೆ ಅಪ್ಪನ ಫೈಲು ತೆಗೆಸಿ ನೋಡಿದೆ. ವಯಸ್ಸೇ ಕಾರಣ ಎಂಬ ಸಾಲು ಹಾಗೆಯೇ ಇದೆ. ನನ್ನ ಹಾಳೆ ಇಲ್ಲ.