ಸಿಪಾಯಿಯ ಬೆನ್ನು

ನಮ್ಮ ರಾಯದುರ್ಗದ ಓಣಿಯಲ್ಲಿ ಪೂರ್ತಿ ಪ್ಯಾಂಟು ಹೊಲಿಯುವವರು ಯಾರೂ ಇಲ್ಲ. ಊರಿಗೆ ಜೀನ್ಸ್ ಕೆಲಸ ಬಂದಾಗಿನಿಂದ ಒಬ್ಬರು ಜಿಪ್ಪು, ಒಬ್ಬರು ಕಾಲು, ಒಬ್ಬರು ಸೊಂಟದ ಪಟ್ಟಿ. ನಾನು ಜಿಪ್ಪಿನವಳು. ಪಕ್ಕದ ಮನೆಯ ದುರುಗಕ್ಕ ಹಿಂದಿನ ಜೇಬಿನವಳು. ವರ್ಷಾನುಗಟ್ಟಲೆ ಜೇಬು ಹೊಲಿದು ಹೊಲಿದು ಅವಳಿಗೆ ಒಂದೇ ಹುಚ್ಚು ಹಿಡಿದಿತ್ತು: ಒಂದಾದರೂ ಇಡೀ ಉಡುಪನ್ನು ತಾನೇ ಹೊಲಿಯಬೇಕು. ಆದರೆ ಕೊಡುವವರು ಯಾರು? "ಜೇಬು ಬಿಟ್ಟು ನಿನಗೇನ್ ಬರ್ತೈತಿ ಬಿಡಕ್ಕ" ಎಂದು ನಾನೇ ಕಾಲೆಳೆಯುತ್ತಿದ್ದೆ.

ಮದುವೆ ಬ್ಯಾಂಡಿನ ಪೆದ್ದಣ್ಣನ ದರ್ಜಿ ಬೆಂಗಳೂರಿನ ಗಾರ್ಮೆಂಟ್ಸಿಗೆ ಹೊರಟುಹೋದದ್ದೇ ತಡ, ಅವಳಿಗೆ ಯೋಗ ಕೂಡಿಬಂತು. ಪೆದ್ದಣ್ಣ ಒಂದು ಹಳೇ ಕಾರ್ಡು ತಂದ. ಅವನ ತಾತನ ಕಾಲದಲ್ಲಿ ಸಿಗರೇಟು ಪ್ಯಾಕೆಟ್ಟಿನೊಳಗೆ ಬರುತ್ತಿದ್ದದ್ದಂತೆ. ಅದರ ಮೇಲೊಬ್ಬ ಬ್ರಿಟಿಷರ ಸಿಪಾಯಿ: ಕೆಂಪು ಕೋಟು, ಚಿನ್ನದ ಬಣ್ಣದ ಗುಂಡಿ, ಉಬ್ಬಿಸಿದ ಎದೆ.

"ಇದ್ರಂಗ ಎಂಟು ಕೋಟು ಬೇಕ್ರಿ ದುರುಗಕ್ಕ. ಒಂದು ಗುಂಡಿನೂ ಹೆಚ್ಚುಕಮ್ಮಿ ಆಗಬಾರ್ದು."

ಮುಂಭಾಗ ಅಚ್ಚುಕಟ್ಟಾಗಿ ಬಂತು. ಬೆನ್ನು ಹೇಗಿದೆ ನೋಡೋಣವೆಂದು ಕಾರ್ಡು ತಿರುಗಿಸಿದರೆ ಅಲ್ಲಿದ್ದದ್ದು ಇಂಗ್ಲಿಷಿನಲ್ಲಿ ತಂಬಾಕಿನ ಗುಣಗಾನ. ದುರುಗಕ್ಕ ತಲೆ ಕೆಡಿಸಿಕೊಳ್ಳಲಿಲ್ಲ. ಕೈಗೆ ರೂಢಿಯಾದದ್ದನ್ನೇ ಹೊಲಿದಳು: ಹಿಂದೆ ಸೊಂಟದ ಕೆಳಗೆ ಎರಡೆರಡು ಜೇಬು, ಜೀನ್ಸಿನ ಹಾಗೇ ಹಳದಿ ದಾರದ ಜೋಡಿ ಹೊಲಿಗೆ.

ಮದುವೆಯ ದಿನ ಕೋಟು ತೊಟ್ಟ ಪೆದ್ದಣ್ಣ ಹಿಂದೆ ಕೈಯಾಡಿಸಿ ಹೌಹಾರಿದ. "ಯಾವ ಸಿಪಾಯಿಗೆ ಇಲ್ಲಿ ಜೇಬು ಇರ್ತಾವ್ರಿ? ಮರ್ಯಾದಿ ತೆಗದ್ರಲ್ಲ!"

ಹೊಲಿಗೆ ಬಿಚ್ಚಲು ಹೊತ್ತಿರಲಿಲ್ಲ. ಹಾಗೇ ಹೊರಟರು. ಇನ್ನು ಜನ್ಮದಲ್ಲಿ ತನಗೆ ಯಾರೂ ಇಡೀ ಬಟ್ಟೆ ಕೊಡುವುದಿಲ್ಲ ಎಂದು ದುರುಗಕ್ಕ ಮೂಲೆ ಹಿಡಿದಳು. ನಾನು ಬಿಡಬೇಕಲ್ಲ, ರಟ್ಟೆ ಹಿಡಿದು ಮೆರವಣಿಗೆಗೆ ಎಳೆದುಕೊಂಡು ಹೋದೆ.

ಮೆರವಣಿಗೆಯಲ್ಲಿ ಬ್ಯಾಂಡು ಮುಂದೆ, ಮದುಮಗನೂ ಬೀಗರೂ ಹಿಂದೆ. ಆ ಎದೆ, ಆ ಗುಂಡಿ ಕಂಡದ್ದು ಎದುರು ಬಂದ ಆಟೋಗಳಿಗೆ ಮಾತ್ರ. ಬೀಗರಿಗೆ ಕಂಡದ್ದೆಲ್ಲ ಬೆನ್ನು. ವರನ ಸೋದರಮಾವ ಕುಣಿಯುತ್ತ ಬಂದು, ಹಾಡು ಮೆಚ್ಚಿ ನೋಟೊಂದನ್ನು ಕ್ಲಾರಿನೆಟ್ಟಿನವನ ಹಿಂದಿನ ಜೇಬಿಗೇ ತುರುಕಿದ. ಮೊದಲಾಗಿದ್ದರೆ ನೋಟು ಹಿಡಿಯಲು ಊದುವುದನ್ನು ನಿಲ್ಲಿಸಬೇಕಿತ್ತು. ಈಗ ಹಾಡು ನಿಲ್ಲಲೇ ಇಲ್ಲ. ನೋಡನೋಡುತ್ತ ಎಲ್ಲರೂ ಶುರುಮಾಡಿದರು. ಹೆಂಗಸರು ಎಲೆ ಅಡಿಕೆ ಇಟ್ಟರು, ಮಕ್ಕಳು ಲಾಡು ತುರುಕಿದರು. ದುರುಗಕ್ಕ ನಕ್ಕೂ ನಕ್ಕೂ ಕಣ್ಣೊರೆಸಿಕೊಂಡಳು. ನನಗಂತೂ ನನ್ನ ಮದುವೆಯಲ್ಲೂ ಅಷ್ಟು ಸಂತೋಷ ಆಗಿರಲಿಲ್ಲ.

ಮರುದಿನ ಪೆದ್ದಣ್ಣ ಬಟ್ಟೆ ಹಿಡಿದು ಅವಳ ಬಾಗಿಲಿಗೆ ಬಂದ. "ನನ್ನ ಮಗನ ಲಗ್ನ ಐತ್ರಿ. ನನಗೊಂದು ಕೋಟು, ಪ್ಯಾಂಟು ಆಗಬೇಕು. ಚಿತ್ರ ಗಿತ್ರ ಏನೂ ತಂದಿಲ್ಲ. ನಿಮಗ ಹೆಂಗ ಚಂದ ಅನಸ್ತೈತೋ ಹಂಗ ಹೊಲೀರಿ."

ದುರುಗಕ್ಕ ಟೇಪು ಕೊರಳಿಗೆ ಹಾಕಿಕೊಂಡು ಎದ್ದಳು.

"ಅತ್ಲಾಗ ತಿರುಗಿ ನಿಂದರ್ರಿ, ಪೆದ್ದಣ್ಣ."