ಎಡಗಾಲಿನ ಚಪ್ಪಲಿ

ನಾನು ಇಂಥವನ್ನೆಲ್ಲ ನಂಬುವವಳಲ್ಲ. ಮುಳಬಾಗಿಲಿನಲ್ಲಿ ಕ್ಲಿನಿಕ್ ಇಟ್ಟುಕೊಂಡು ಕೂತವಳ ಎದುರಿಗೆ ದೃಷ್ಟಿ ಆಗಿದೆ, ಗಾಳಿ ಸೋಕಿದೆ ಅಂತ ಯಾರಾದರೊಬ್ಬರು ಬಂದೇ ಬರುತ್ತಾರೆ. ನಾನು ಬಿ.ಪಿ. ನೋಡಿ, ರಕ್ತ ಪರೀಕ್ಷೆ ಬರೆದುಕೊಟ್ಟು ಕಳಿಸುತ್ತೇನೆ. ನಮ್ಮತ್ತೆ ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿ, ಘಾಟೇ ಬರಲಿಲ್ಲ ನೋಡು, ಎಂಥಾ ದೃಷ್ಟಿ ಅಂದಾಗಲೆಲ್ಲ, "ಮೆಣಸಿನಕಾಯಿ ಹಳೇದು ಅಂತ ಅರ್ಥ ಅತ್ತೆ" ಅಂತ ರೇಗಿಸಿ ಬೈಸಿಕೊಂಡವಳು ನಾನು. ಹಾಗಾಗಿ ಈಗ ಹೇಳಹೊರಟಿರುವುದನ್ನು ಓದಿ ನೀವು ನಕ್ಕರೆ ನನಗೇನೂ ಬೇಜಾರಿಲ್ಲ. ಬೇರೆ ಯಾರಾದರೂ ಹೇಳಿದ್ದರೆ ನಾನೂ ನಗುತ್ತಿದ್ದೆ.

ಕೆಲವು ವರ್ಷಗಳ ಹಿಂದಿನ ಮಾತು. ನಾನೂ ನನ್ನ ಗೆಳತಿ ಡಾಕ್ಟರ್ ಸುಧಾಳೂ ಸೇರಿ ನಮ್ಮ ಕಡೆಯ ಫ್ಯಾಮಿಲಿ ಡಾಕ್ಟರುಗಳಿಗೆ ಒಂದು ತರಬೇತಿ ನಡೆಸುತ್ತಿದ್ದೆವು. ಬುದ್ಧಿಯ ಬೆಳವಣಿಗೆ ನಿಧಾನವಾಗಿರುವವರು ಕಾಯಿಲೆ ಬಿದ್ದಾಗ ಅವರನ್ನು ನೋಡುವುದು ಹೇಗೆ ಅನ್ನುವುದೇ ಪಾಠ. ಅವರಲ್ಲಿ ಎಷ್ಟೋ ಜನಕ್ಕೆ ಎಲ್ಲಿ ನೋಯುತ್ತಿದೆ ಅಂತ ಹೇಳಲು ಬರುವುದಿಲ್ಲ. ಜೊತೆಗೆ ಬಂದವರು ಮಾತಾಡುತ್ತಾರೆ, ನಾವು ಬರೆದುಕೊಡುತ್ತೇವೆ. "ಇವನು ಮೊದಲಿಂದ್ಲೂ ಹಿಂಗೇ ಕಣಮ್ಮ" ಅನ್ನುವ ಒಂದು ಮಾತಿನ ಹಿಂದೆ ಎಂಥೆಂಥ ಕಾಯಿಲೆಗಳು ಅಡಗಿ ಕೂತಿರುತ್ತವೋ ದೇವರೇ ಬಲ್ಲ.

ಆ ಸಲದ ತರಬೇತಿ ಕೋಲಾರದ ಒಂದು ಕಲ್ಯಾಣಮಂಟಪದ ಊಟದ ಹಾಲಿನಲ್ಲಿ ನಡೆದಿತ್ತು. ನಮ್ಮ ತರಗತಿಯ ಪದ್ಧತಿಯನ್ನು ಮೊದಲು ಹೇಳಿಬಿಡುತ್ತೇನೆ. ಮೂವರು ಡಾಕ್ಟರುಗಳು ಎದ್ದು ಬರಬೇಕು. ಒಬ್ಬರು ಡಾಕ್ಟರು, ಒಬ್ಬರು ಜೊತೆಗೆ ಬಂದ ತಾಯಿ ಅಥವಾ ಅಣ್ಣ, ಇನ್ನೊಬ್ಬರು ಮಾತು ಬಾರದ ರೋಗಿ. ರೋಗಿಯಾದವರಿಗೆ ಒಂದು ಚೀಟಿ ಕೊಡುತ್ತೇವೆ. ಅದರಲ್ಲಿರುವ ನೋವನ್ನು ಬಾಯಿಬಿಡದೆ ತೋರಿಸಬೇಕು. ತೀರ್ಪು ಕೊಡುವವಳು ನಸ್ರೀನ್. ಕೋಲಾರದ ಟೈಲರ್ ಒಬ್ಬರ ಮಗಳು, ಮೂವತ್ತು ದಾಟಿದವಳು, ತಾನೂ ಅಂಥದೇ ತೊಂದರೆಯ ಜೊತೆ ಬೆಳೆದವಳು. ಅವಳ ಮುಂದೆ ಒಂದು ಟೇಬಲ್ ಬೆಲ್ ಇರುತ್ತಿತ್ತು. ಡಾಕ್ಟರು ರೋಗಿಯನ್ನು ಬಿಟ್ಟು ಪಕ್ಕದವರ ಜೊತೆ ಮಾತಾಡಿದ ತಕ್ಷಣ ಟಿಣ್! "ನಕ್ಕೋ! ಫೇಲ್!" ಅಂತ ಕೂಗುವಳು. ನಕ್ಕೋ ಅಂದರೆ ಅವರ ಮನೆಮಾತಿನಲ್ಲಿ ಬೇಡ ಅಂತ. ದೊಡ್ಡ ದೊಡ್ಡ ಡಾಕ್ಟರುಗಳೆಲ್ಲ ಅವಳ ಬೆಲ್ಲಿಗೆ ಬೆವೆತದ್ದನ್ನು ನಾನು ನೋಡಿದ್ದೇನೆ, ಒಳಗೊಳಗೇ ಖುಷಿಪಟ್ಟಿದ್ದೇನೆ.

ಇನ್ನು ಚೌಡಪ್ಪ. ಟೇಕಲ್ಲಿನವನು, ನಲವತ್ತರ ಆಸುಪಾಸು. ಮಾತಿಲ್ಲ. ಅಕ್ಕ ಲಕ್ಷ್ಮಕ್ಕ ಸಾಕಿದ್ದು. ಯಾರೋ ಹೇಳಿದರು ಅಂತ ಅಷ್ಟು ದೂರದಿಂದ ನನ್ನ ಹತ್ತಿರ ಕರೆತರಲು ಶುರುಮಾಡಿದವಳು ಆಮೇಲೆ ಬಿಡಲೇ ಇಲ್ಲ. ಅವನಿಗೆ ಮನೆಯೊಳಗೂ ಕಾಲಲ್ಲಿ ಚಪ್ಪಲಿ ಇರಬೇಕು. ನೋವಾದಾಗ ಮಾತ್ರ ಎಡಗಾಲಿನದನ್ನು ಬಿಚ್ಚಿ, ಮಗುಚಿ ತೊಡೆಯ ಮೇಲಿಟ್ಟುಕೊಂಡು, ಅದರ ಮೇಲೆ ಅಂಗೈ ಊರಿ, ಮೂಗಿನಲ್ಲೇ ಒಂದು ಸಣ್ಣ ರಾಗ ಎಳೆಯುತ್ತಾನೆ. ನೋವು ಹೋದ ಮೇಲೆ ತಾನೇ ಹಾಕಿಕೊಳ್ಳುತ್ತಾನೆ. ಇದು ಲಕ್ಷ್ಮಕ್ಕನಿಗೂ ನನಗೂ ಬಿಟ್ಟರೆ ಹೊರಗಿನವರಿಗೆ ಗೊತ್ತಿರಲಿಲ್ಲ. ಆ ದಿನ ಸಂಜೆಯ ಪಾಠದಲ್ಲಿ ಹೇಳೋಣ ಅಂತ ಇಟ್ಟುಕೊಂಡಿದ್ದೆ. ಸುಧಾಗೂ ಹೇಳಿರಲಿಲ್ಲ.

ಮಧ್ಯಾಹ್ನದ ಊಟವಾದ ಮೇಲೆ ರೋಗಿಯಾಗಲು ಎದ್ದು ಬಂದವರು ಶ್ರೀನಿವಾಸಪುರದ ರೆಡ್ಡಿ ಡಾಕ್ಟರು. ದಪ್ಪ ಮನುಷ್ಯ, ನಗುಮುಖ, ಬೆಳಿಗ್ಗೆಯಿಂದ ನನ್ನನ್ನು ಕಾಡಿಸಿದವರು. "ಏಂ ಮೇಡಂ, ಒಬ್ಬೊಬ್ಬರಿಗೆ ಇಷ್ಟು ಹೊತ್ತು ಕೂತರೆ ಹೊರಗಿನ ಕ್ಯೂ ನೀವು ಬಂದು ನೋಡ್ತೀರಾ?" ಅಂತ ಎಲ್ಲರನ್ನೂ ನಗಿಸಿದ್ದರು. ಅವರಿಗೆ ಬಂದ ಚೀಟಿ ಹಲ್ಲುನೋವಿನದು. ನಾನೇ ಕೊಟ್ಟದ್ದು, ಆದ್ದರಿಂದ ಗೊತ್ತು.

ಕುರ್ಚಿಯಲ್ಲಿ ಕೂತರು. ಕೆನ್ನೆ ಹಿಡಿದುಕೊಂಡು ಮುಖ ಕಿವುಚಿದರು, ಹಾಲೆಲ್ಲ ನಕ್ಕಿತು. ಆಮೇಲೆ ಇದ್ದಕ್ಕಿದ್ದ ಹಾಗೆ ಕೆನ್ನೆಯಿಂದ ಕೈ ಕೆಳಗಿಳಿಯಿತು. ಬಗ್ಗಿ ಎಡಗಾಲಿನ ಚಪ್ಪಲಿ ಬಿಚ್ಚಿದರು. ಮಗುಚಿ ತೊಡೆಯ ಮೇಲಿಟ್ಟುಕೊಂಡರು. ಅಂಗೈ ಊರಿದರು. ಮೂಗಿನಲ್ಲಿ ಆ ರಾಗ ಶುರುವಾಯಿತು.

ಅದೇ ರಾಗ. ನಟನೆ ಮಾಡುವವರು ಆಗಾಗ ಸುತ್ತ ನೋಡುತ್ತಾರೆ, ಜನ ನಗುತ್ತಿದ್ದಾರಾ ಅಂತ. ಇವರು ನನ್ನನ್ನೇ ನೋಡುತ್ತಿದ್ದರು. ಡಾಕ್ಟರ ಪಾತ್ರದವರು ಏನೇನೋ ಕೇಳುತ್ತಿದ್ದರು, ಇವರಿಗೆ ಕೇಳಿಸಿದಂತೆಯೇ ಇರಲಿಲ್ಲ.

ಟಿಣ್! ನಸ್ರೀನ್ ಬೆಲ್ ಒತ್ತಿದಳು. ಮತ್ತೆ ಒತ್ತಿದಳು. ನೋಡಿದರೆ ಬೆರಳು ತೋರಿಸುತ್ತಿದ್ದದ್ದು ನನ್ನ ಕಡೆಗೆ.

"ನನಗ್ಯಾಕಮ್ಮಾ? ನಾನು ಆಟದಲ್ಲಿಲ್ಲ" ಅಂದೆ.

"ಅವರು ನಿಮ್ಮನ್ನ ನೋಡ್ತಾವ್ರೆ. ನೀವು ಸುಮ್ನೆ ನಿಂತಿದ್ದೀರಿ. ಫೇಲ್!" ಅಂದಳು. ಅವಳ ಕಾನೂನಿನ ಪ್ರಕಾರ ಅವಳು ಹೇಳಿದ್ದು ಸರಿಯೇ.

ರೆಡ್ಡಿಯವರ ಭುಜ ಮುಟ್ಟಿ, "ಡಾಕ್ಟ್ರೇ, ಏನಿದು?" ಅಂದೆ. ಕಣ್ಣು ಪಿಳುಕಿಸಿದರು. ತೊಡೆಯ ಮೇಲಿನ ಚಪ್ಪಲಿ ನೋಡಿ ಅವರೇ ಗಾಬರಿಯಾದರು. "ಏಮೋ ಮೇಡಂ, ಯಾಕೆ ತೆಗೆದ್ನೋ ನನಗೇ ತಿಳೀತಿಲ್ಲ" ಅಂದರು.

ನಾನು ಹೊರಗೆ ಬಂದು ಲಕ್ಷ್ಮಕ್ಕನಿಗೆ ಫೋನ್ ಮಾಡಿದೆ. ಎತ್ತಲಿಲ್ಲ. ಮತ್ತೆ ಮತ್ತೆ ಮಾಡಿದೆ. ಕೊನೆಗೆ ಎತ್ತಿದಾಗ ಹಿಂದೆ ಜನರ ಗದ್ದಲ. ಹೋಳೂರಿನಲ್ಲಿ ನೆಂಟರ ಮಗುವಿಗೆ ಹೆಸರಿಡುವ ಕಾರ್ಯಕ್ಕೆ ಹೋಗಿದ್ದಳು. ಚೌಡಪ್ಪನನ್ನು ಪಕ್ಕದ ಮನೆಯ ಸಾಕಮ್ಮನ ಹತ್ತಿರ ಬಿಟ್ಟಿದ್ದಳು. "ಬೆಳಿಗ್ಗೆ ಚೆನ್ನಾಗೇ ಇದ್ದ ಕಣಮ್ಮ, ಯಾಕೆ?" ಅಂದಳು. ಯಾಕೆ ಅಂತ ಏನು ಹೇಳಲಿ? ಸಾಕಮ್ಮನಿಗೆ ಫೋನ್ ಮಾಡಿ ಕೇಳು ಅಂದೆ. ಸ್ವಲ್ಪ ಹೊತ್ತಿಗೆ ಅವಳೇ ಫೋನ್ ಮಾಡಿದಳು. "ಏನೂ ತೊಂದ್ರೆ ಇಲ್ವಂತೆ. ಊಟ ಮುಟ್ಟಲಿಲ್ವಂತೆ. ಸುಮ್ನೆ ಒಂದ್ಕಡೆ ಕೂತವ್ನಂತೆ."

ಸುಮ್ಮನೆ ಕೂತಿದ್ದಾನೆ. ಅಂಥವರು ಸುಮ್ಮನಾದರೆ ಹೆದರಬೇಕು ಅಂತ ಬೆಳಿಗ್ಗೆ ತಾನೇ ಪಾಠ ಮಾಡಿದವಳು ನಾನು. ತರಗತಿಯನ್ನು ಸುಧಾಗೆ ಒಪ್ಪಿಸಿ ಕಾರು ಹತ್ತಿದೆ.

ದಾರಿಯುದ್ದಕ್ಕೂ ನನ್ನನ್ನು ನಾನೇ ಬೈದುಕೊಂಡೆ. ಯಾರೋ ಚಪ್ಪಲಿ ಬಿಚ್ಚಿದರು ಅಂತ ಪಾಠ ಬಿಟ್ಟು ಓಡುವವಳು ಡಾಕ್ಟರಾ, ಮೆಣಸಿನಕಾಯಿ ನಿವಾಳಿಸುವವಳಾ? ವಾಪಸ್ ತಿರುಗಿಸಿಬಿಡಲಾ ಅನ್ನಿಸುತ್ತಿತ್ತು. ಆದರೆ ಆ ರಾಗ ಕಿವಿಯಿಂದ ಹೋಗುತ್ತಲೇ ಇರಲಿಲ್ಲ. ಟೇಕಲ್ ಹತ್ತಿರ ರೈಲ್ವೆ ಗೇಟು ಹಾಕಿತ್ತು. ಗೂಡ್ಸ್ ಗಾಡಿ, ಮುಗಿಯುವುದೇ ಇಲ್ಲ. ಸ್ಟೀರಿಂಗ್ ಮೇಲೆ ಕೈ ಕುಟ್ಟಿಕೊಂಡು ಕೂತೆ. ಆಚೆ ಬೆಟ್ಟ ಕಾಣುತ್ತಿತ್ತು, ಅದರ ಬುಡದಲ್ಲೇ ಅವರ ಮನೆ. ಅಷ್ಟು ಅಸಹಾಯಕಳಾಗಿ ನಾನು ಹಿಂದೆಂದೂ ಕೂತಿರಲಿಲ್ಲ.

ಚೌಡಪ್ಪ ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತಿದ್ದ. ಎಡಗಾಲಿನ ಚಪ್ಪಲಿ ತೊಡೆಯ ಮೇಲೆ, ಮಗುಚಿ. ಅದರ ಮೇಲೆ ಅಂಗೈ. ರಾಗ ಎಳೆಯುವಷ್ಟು ಶಕ್ತಿಯೂ ಉಳಿದಿರಲಿಲ್ಲ, ಬರೀ ಉಸಿರು. "ಚೌಡಪ್ಪಾ, ನಾನು ಕಣೋ. ಹೊಟ್ಟೆ ಮುಟ್ತೀನಿ" ಅಂತ ಹೇಳಿ ಕೈಯಿಟ್ಟೆ. ಹೊಟ್ಟೆ ಉಬ್ಬಿ ತಮಟೆಯ ಹಾಗೆ ಬಿಗಿದಿತ್ತು.

"ಅಯ್ಯೋ, ಮಧ್ಯಾಹ್ನದಿಂದ ಹಿಂಗೇ ಕೂತವ್ನಮ್ಮ. ಆಟ ಆಡ್ತಾವ್ನೆ ಅಂದ್ಕೊಂಡೆ" ಅಂದಳು ಸಾಕಮ್ಮ. ಅವಳನ್ನು ಬೈಯುವ ಹಾಗಿರಲಿಲ್ಲ. ಇಬ್ಬರೂ ಸೇರಿ ಅವನನ್ನು ಕಾರಿಗೆ ಹತ್ತಿಸಿದೆವು. ಆ ಚಪ್ಪಲಿಯನ್ನು ಅವನು ಆಸ್ಪತ್ರೆ ಮುಟ್ಟುವವರೆಗೂ ಬಿಡಲಿಲ್ಲ.

ಕರುಳು ತಿರುಚಿಕೊಂಡಿತ್ತು. ಕೋಲಾರದ ಆಸ್ಪತ್ರೆಯಲ್ಲಿ ಸಂಜೆಯೇ ಆಪರೇಷನ್ ಆಯಿತು. ಲಕ್ಷ್ಮಕ್ಕ ಕಾರ್ಯದ ಸೀರೆಯಲ್ಲೇ ಓಡಿ ಬಂದಿದ್ದಳು. "ನಾಳೆ ನೋಡೋಣ ಅಂದಿದ್ದರೆ ಉಳಿಯುತ್ತಿರಲಿಲ್ಲ" ಅಂದರು ಸರ್ಜನ್. ಅವಳು ನನ್ನ ಕೈ ಹಿಡಿದು, "ನಿಮ್ಗೆ ಹೆಂಗಮ್ಮ ಗೊತ್ತಾಯ್ತು?" ಅಂತ ಕೇಳಿದಳು. ನಾನು ಅತ್ತುಬಿಟ್ಟೆ, ಅಷ್ಟೇ.

ಆಮೇಲೆ ರೆಡ್ಡಿಯವರಿಗೂ ನಡೆದದ್ದನ್ನೆಲ್ಲ ಹೇಳಿ, ನಾನು ಬಿಡದೆ ವಿಚಾರಿಸಿದೆ. ರೆಡ್ಡಿಯವರು ಟೇಕಲ್ಲಿಗೆ ಕಾಲಿಟ್ಟವರಲ್ಲ. ಲಕ್ಷ್ಮಕ್ಕ ಶ್ರೀನಿವಾಸಪುರವನ್ನು ನೋಡಿದವಳಲ್ಲ. ನಾನು ಮರೆತು ಎಲ್ಲಾದರೂ ಬಾಯಿಬಿಟ್ಟಿದ್ದೆನಾ? ಇಲ್ಲ. ಬಿಟ್ಟಿದ್ದರೂ ಆ ರಾಗವನ್ನು ನನ್ನಿಂದ ಅನುಕರಿಸಲು ಆಗುವುದಿಲ್ಲ, ನನಗೆ ಸಂಗೀತ ಬರುವುದೇ ಇಲ್ಲ.

ಚೌಡಪ್ಪ ಮನೆಗೆ ಬಂದು ಚೇತರಿಸಿಕೊಂಡ ಮೇಲೆ ರೆಡ್ಡಿಯವರು ಫೋನ್ ಮಾಡಿ, ತಾವೂ ಅವನನ್ನು ನೋಡಬೇಕು ಅಂದರು. ಒಂದು ದಿನ ಬೆಳಿಗ್ಗೆ ಕರೆದುಕೊಂಡು ಹೋದೆ. ಕಾರಿನಲ್ಲಿ ತಮಾಷೆ ಇಲ್ಲ, ನಗು ಇಲ್ಲ. ಕೊನೆಗೆ ಮೆಲ್ಲಗೆ ಹೇಳಿದರು. "ಮೇಡಂ, ಯಾರಿಗೂ ಹೇಳಬೇಡಿ. ಅವತ್ತಿಂದ ಎಡಗಾಲಲ್ಲಿ ಚಪ್ಪಲಿ ನಿಲ್ತಿಲ್ಲ. ಕ್ಲಿನಿಕ್ಕಲ್ಲಿ ಕೂತಿರ್ತೀನಿ, ನನಗೇ ಗೊತ್ತಿಲ್ಲದಂಗೆ ಬಿಚ್ಚಿರ್ತೀನಿ."

ಲಕ್ಷ್ಮಕ್ಕ ಜಗುಲಿಯ ಮೇಲೆ ಚಾಪೆ ಹಾಕಿದಳು. ರೆಡ್ಡಿಯವರು ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತರು. ನಾನು ಮಾತಾಡುತ್ತಲೇ ಕೆಳಗೆ ನೋಡಿದೆ. ಎಡಗಾಲು ಬರಿಗಾಲು, ಚಪ್ಪಲಿ ಪಕ್ಕದಲ್ಲಿ ಬಿದ್ದಿತ್ತು. ಹೊಸಬರು ಬಂದರೆ ಒಳಗೆ ಓಡಿಹೋಗುವ ಚೌಡಪ್ಪ ಅವತ್ತು ಓಡಲಿಲ್ಲ. ಎದ್ದು ಬಂದು ರೆಡ್ಡಿಯವರ ಮುಂದೆ ನಿಧಾನವಾಗಿ ಕುಕ್ಕರುಗಾಲಲ್ಲಿ ಕೂತ. ಚಪ್ಪಲಿ ಎತ್ತಿಕೊಂಡ. ಅವರ ಕಾಲನ್ನು ಹಿಡಿದು ತೊಡಿಸಿದ. ಪಾದದ ಮೇಲೆ ಎರಡು ಸಲ ತಟ್ಟಿ ಎದ್ದು ಹೋದ.

"ನೋವು ಹೋದ್ರೆ ಹಂಗೇ ತಟ್ಕೋತಾನೆ. ಆದ್ರೆ ತನ್ ಕಾಲಿಗೆ ಮಾತ್ರ" ಅಂದಳು ಲಕ್ಷ್ಮಕ್ಕ ಬೆರಗಾಗಿ.

ರೆಡ್ಡಿಯವರು ಕರವಸ್ತ್ರ ತೆಗೆದು ಮುಖ ಮುಚ್ಚಿಕೊಂಡರು. ಆಮೇಲೆ ಆ ಚಪ್ಪಲಿ ತಾನಾಗಿ ಬಿಚ್ಚಿಕೊಂಡಿಲ್ಲವಂತೆ.

ದೃಷ್ಟಿ, ಗಾಳಿ ಯಾವುದನ್ನೂ ನಾನು ಇವತ್ತಿಗೂ ನಂಬುವುದಿಲ್ಲ, ನಮ್ಮತ್ತೆಯನ್ನು ರೇಗಿಸುವುದನ್ನೂ ಬಿಟ್ಟಿಲ್ಲ. ತರಬೇತಿ ಈಗಲೂ ನಡೆಯುತ್ತದೆ, ಬೆಲ್ ಈಗಲೂ ನಸ್ರೀನಳ ಕೈಯಲ್ಲೇ ಇದೆ. ಆದರೆ ಯಾರಾದರೂ ರೋಗಿಯಾಗಲು ಎದ್ದು ಬಂದು ಆ ಕುರ್ಚಿಯಲ್ಲಿ ಕೂತರೆ, ಅವರ ಮುಖಕ್ಕಿಂತ ಮೊದಲು ನಾನು ಅವರ ಎಡಗಾಲನ್ನು ನೋಡುತ್ತೇನೆ.