ಕೊಳವೆಯಿಲ್ಲದ ವೈಪರು

ನಾನು ಬಾಯಿ ಬಿಟ್ಟರೆ ಮುಕ್ಕಾಲು ಸುಳ್ಳು, ಉಳಿದ ಕಾಲುಭಾಗ ಒಗ್ಗರಣೆ ಎಂದು ಗುಂಡ್ಲುಪೇಟೆಯಲ್ಲಿ ಎಲ್ಲರೂ ಹೇಳುತ್ತಾರೆ. ಅವರ ತಪ್ಪೇನೂ ಇಲ್ಲ. ಬೇಗೂರಿನ ನಮ್ಮ ಹೊಲದಲ್ಲಿ ಬಿಟ್ಟ ಕುಂಬಳಕಾಯಿ ನಾನು ಹೇಳಿದಷ್ಟೇ ದೊಡ್ಡದಿದ್ದಿದ್ದರೆ ಅದರೊಳಗೆ ಒಂದು ಸಂಸಾರವನ್ನು ಬಾಡಿಗೆಗೆ ಇಡಬಹುದಿತ್ತು. ದೆವ್ವ, ಗಾಳಿ, ಸೋಕು ಇವುಗಳನ್ನಂತೂ ನಾನು ನಂಬುತ್ತಲೇ ಇರಲಿಲ್ಲ. ನಂಬುವ ಹುಡುಗರಿಗೆ ದಿನಕ್ಕೊಂದು ಹೊಸ ದೆವ್ವ ಹುಟ್ಟಿಸಿಕೊಡುತ್ತಿದ್ದವನೇ ನಾನು. ನಾನೇ ಕರಿದ ಬೋಂಡಾಕ್ಕೆ ನಾನೇ ಹೆದರುವುದುಂಟೆ? ಆದ್ದರಿಂದ ಈಗ ಹೇಳುವುದನ್ನು ನೀವು ನಂಬದಿದ್ದರೆ ನನಗೆ ಬೇಸರವಿಲ್ಲ. ಬೇರೆಯವರ ಬಾಯಿಂದ ಕೇಳಿದ್ದರೆ ನಾನೂ ಹೊಟ್ಟೆ ಹಿಡಿದು ನಗುತ್ತಿದ್ದೆ.

ಇದು ಎರಡು ವರ್ಷದ ಹಿಂದಿನ ಮಾತು. ಹೈಸ್ಕೂಲು ಓದಲೆಂದು ಗುಂಡ್ಲುಪೇಟೆಯಲ್ಲಿ ನನ್ನ ಸೋದರಮಾವ ಗುರುಮಲ್ಲಪ್ಪನ ಮನೆಯಲ್ಲಿದ್ದೆ. ಮಾವನದು ಕಡಲೆಕಾಯಿ ವ್ಯಾಪಾರ, ಆದರೆ ಜೀವವೆಲ್ಲ ಮೋಟಾರಿನ ಮೇಲೆ. ನೀಲಗಿರಿಯ ಟೀ ತೋಟದ ಯಾವನೋ ದೊರೆ ಸೀಮೆಗೆ ಹೋಗುವಾಗ ಬಿಟ್ಟುಹೋದ ಹಳೇ ಕಾರೊಂದನ್ನು ಆ ವರ್ಷ ಮಾವ ತಂದು ಮನೆಯ ಮುಂದೆ ನಿಲ್ಲಿಸಿದ. ಎರಡನೇ ಮಹಾಯುದ್ಧಕ್ಕೆ ಬಹಳ ಮುಂಚಿನ ಕಾರು. ಸ್ಟಾರ್ಟ್ ಮಾಡಿದರೆ ಮಲೇರಿಯಾ ಬಂದವರ ಹಾಗೆ ನಡುಗುತ್ತಿತ್ತು. ಆ ನಡುಕಕ್ಕೆ ಎದುರು ಮನೆಯ ಎಮ್ಮೆಯ ಕೆಚ್ಚಲಲ್ಲೇ ಹಾಲು ಮೊಸರಾಯಿತೆಂದು ನಾನು ಊರೆಲ್ಲ ಹೇಳಿಕೊಂಡು ಬಂದೆ.

ನಡುಗುವುದಕ್ಕೆ ಕಾರಣವೂ ಇತ್ತು. ಆ ದೊರೆಗೆ ಕಾರು ಬಂದ ಹಾಗೆ ಇದ್ದರೆ ಸಮಾಧಾನವಿರಲಿಲ್ಲವಂತೆ. ಅಂಗಡಿಯಲ್ಲಿ ಕಂಡದ್ದನ್ನೆಲ್ಲ ತಂದು ಸಿಕ್ಕಿಸಿದ್ದ. ಸರಪಣಿ ಎಳೆದರೆ ಕೂಗುವ ಒಂದು ಸಿಳ್ಳೆ, ಪೆಟ್ರೋಲು ಉಳಿಸುತ್ತದೆಂದು ಹಾಕಿಸಿದ ಒಂದು ಡಬ್ಬಿ, ಯಾವ ಕೆಲಸಕ್ಕೆಂದು ದೇವರಿಗೂ ಗೊತ್ತಿರದ ಇನ್ನೊಂದು ಡಬ್ಬಿ. ಇವಕ್ಕೆಲ್ಲ ಎಂಜಿನ್ನಿನಿಂದ ರಬ್ಬರ್ ಕೊಳವೆಗಳು. ನಾವು ಪರಂಗಿ ದಂಟಿನಲ್ಲಿ ಎಳನೀರು ಎಳೆಯುತ್ತೇವಲ್ಲ, ಓಡುವ ಎಂಜಿನ್ನೂ ಹಾಗೇ ಗಾಳಿ ಎಳೆಯುತ್ತದೆ. ಆ ಎಳೆತದಿಂದಲೇ ಸಿಳ್ಳೆ ಕೂಗುತ್ತದೆ. ಮುಂದಿನ ಗಾಜು ಒರೆಸುವ ವೈಪರಿನ ಕಡ್ಡಿ ಆಡುವುದೂ ಅದರಿಂದಲೇ. ನಮ್ಮ ಕಡೆಯ ಮೋಟಾರು ಮೇಸ್ತ್ರಿಗಳು ಇದನ್ನು ಎಂಜಿನ್ನಿನ ಉಸಿರು ಅನ್ನುತ್ತಾರೆ. ಕೊಳವೆ ಸೀಳಿದರೆ ಉಸಿರು ಸೋರಿ ಎಂಜಿನ್ನು ನಡುಗುತ್ತದೆ. ಬೇಡದ ಕೊಳವೆ ಕಿತ್ತು, ಎಂಜಿನ್ನಿನ ತೂತಿಗೆ ಬೆಣೆ ಹೊಡೆದರೆ ‘ಉಸಿರು ಕಟ್ಟಿದೆವು’ ಅನ್ನುತ್ತಾರೆ.

ಮಾವ ಬಾನೆಟ್ ಎತ್ತಿ ನೋಡಿ ತಲೆ ಕೆರೆದುಕೊಂಡ. “ಏನ್ಲಾ ಅಳಿಯ, ಇದು ಕಾರೋ ಹಾವಾಡ್ಗನ ಬುಟ್ಟಿಯೋ?”

“ಬುಡು ಮಾವ, ನಾನಿವ್ನಿ. ಹೊತ್ತು ಮುಳುಗೋದ್ರಲ್ಲಿ ಎಲ್ಲಾವ ಸಿಕ್ಕು ಬುಡುಸ್ಬುಡ್ತೀನಿ.”

“ನಿನ್ ಗಂಟ್ಲು ಮಾಡೋ ಕೆಲ್ಸವ ಕೈ ಮಾಡುದ್ರ ಸಾಕು ಕಣ್ಲಾ,” ಎಂದು ಮಾವ ಸ್ಪ್ಯಾನರು ಕೊಟ್ಟ.

ಈ ಅವಸರಕ್ಕೂ ಕಾರಣವಿತ್ತು. ಮಾವನ ಹೆಂಡತಿ ಗೌರತ್ತೆ ಬಾಣಂತನಕ್ಕೆ ತವರಿಗೆ ಹೋಗಿದ್ದಳು. ತವರು ಚಾಮರಾಜನಗರದಾಚೆ ಕಾಡಂಚಿನ ಪುಣಜನೂರು. ಅತ್ತೆಗೆ ಮುಂಚೆ ಹುಟ್ಟಿದ ಕೂಸುಗಳು ಉಳಿದಿರಲಿಲ್ಲ. ಈ ಗಂಡುಕೂಸು ಉಳಿದಿತ್ತು, ಅದನ್ನು ಮನೆ ತುಂಬಿಸಿಕೊಳ್ಳುವ ದಿನ ಹತ್ತಿರವಾಗಿತ್ತು. ಬಸ್ಸಿನ ನೂಕುನುಗ್ಗಲಿನಲ್ಲಿ ಕೂಸನ್ನು ತರುವುದಿಲ್ಲವೆಂದು ಮಾವ ಹಟ ಹಿಡಿದಿದ್ದ. ಕಾರು ತಂದದ್ದೇ ಅದಕ್ಕೆ ಎಂದು ನನಗೆ ಆಮೇಲೆ ತಿಳಿಯಿತು.

ನಾನು ಕೆಲಸಕ್ಕೆ ನಿಂತೆ. ಕಪ್ಪು ಕೊಳವೆಗಳ ಮೇಲೆ ಗುರುತು ಹಾಕಲು ಸೀಮೆಸುಣ್ಣ ಸಿಗಲಿಲ್ಲ. ದೇವರಮನೆಯಿಂದ ಅಜ್ಜಿಯ ವಿಭೂತಿ ಗಟ್ಟಿ ತಂದು, ನೋಡಿ ಮುಗಿಸಿದ ಪ್ರತಿ ಕೊಳವೆಗೂ, ಪ್ರತಿ ಬೆಣೆಗೂ ಮೂರು ಗೆರೆ ಎಳೆದೆ. ದಾರಿಯಲ್ಲಿ ಹೋಗುತ್ತಿದ್ದ ಮುದುಕರೊಬ್ಬರು ಇಣುಕಿ, ಪೂಜೆಯಾಗಿದೆ ಎಂದುಕೊಂಡು ಎಂಜಿನ್ನಿಗೆ ಕೈ ಮುಗಿದು ಹೋದರು. ಇದು ಒಗ್ಗರಣೆಯಲ್ಲ, ನಿಜ.

“ನನ್ನಿಬೂತಿ ಗಟ್ಟಿ ಎಲ್ಲಲಾ?” ಎಂದು ಅಜ್ಜಿ ಹೊರಗೆ ಬಂದಳು. ಅವಳು ಮಾವನ ತಾಯಿ.

“ಇಲ್ಲೇ ಅದ ಕಣಜ್ಜಿ. ಕಾರ್ಗೂ ಒಸಿ ಬಳುದ್ರ ಪುಣ್ಯ ಬತ್ತದ ಅಂತ.”

ವೈಪರಿನ ಕೊಳವೆ ಉದ್ದಕ್ಕೂ ಸೀಳಿತ್ತು. ಅದನ್ನು ಪೂರಾ ಕಿತ್ತು ತೆಗೆದು, ಎಂಜಿನ್ನಿನ ತೂತಿಗೆ ಹುಣಸೆಮರದ ಬೆಣೆ ಬಡಿದೆ. ಸ್ಟಾರ್ಟ್ ಮಾಡಿದರೆ ಎಂಜಿನ್ನು ಒಲೆಯ ಮುಂದಿನ ಬೆಕ್ಕಿನ ಹಾಗೆ ಗುರುಗುಟ್ಟತೊಡಗಿತು. ಕಿತ್ತ ಕೊಳವೆಯನ್ನು ಡಾಕ್ಟರು ಹಾಕಿಕೊಳ್ಳುವ ಹಾಗೆ ಕುತ್ತಿಗೆಗೆ ಹಾಕಿಕೊಂಡು ಅಜ್ಜಿಯ ಮುಂದೆ ಎದೆ ಉಬ್ಬಿಸಿದೆ.

“ನೋಡಜ್ಜಿ, ಹೆಂಗ್ ಉಸ್ರು ಕಟ್ಬುಟ್ಟೆ!”

ಅಜ್ಜಿಯ ಮುಖ ಕಪ್ಪಿಟ್ಟಿತು. “ಕೂಸ ಕರ್ಕ ಬರಕ ಓಗಾ ಕಾರ್ ಮುಂದ ಎಂತಾ ಮಾತಾಡೀಯಲಾ! ನಿನ್ ಬಾಯ್ಗ ಮಣ್ಣಾಕ! ಬುಡ್ತು ಅನ್ನು.”

ಕೆಟ್ಟ ಮಾತು ಬಾಯಿಂದ ಬಂದರೆ ‘ಬಿಡ್ತು’ ಅನ್ನಬೇಕು, ಆಗ ಅದು ತಾಕುವುದಿಲ್ಲ. ಇದು ನಿಮ್ಮ ಮನೆಯಲ್ಲೂ ಇದ್ದೀತು. ಆದರೆ ನನಗೆ ತಮಾಷೆ ಹೊಳೆದುಬಿಟ್ಟಿತ್ತು.

“ಬುಡ್ತು ಅಂದ್ರ ಬೆಣೆ ಬುಟ್ಕೊಂಡೋಯ್ತದ ಕಣಜ್ಜಿ!”

ಮಾವ ಬಿದ್ದು ಬಿದ್ದು ನಕ್ಕ. ಅಜ್ಜಿ ನಗಲಿಲ್ಲ. ಬಾಗಿಲಲ್ಲಿ ನಿಂತು ಇನ್ನೊಮ್ಮೆ, “ಅನ್ಲಾ ಮಗ,” ಎಂದು ಮೆಲ್ಲಗೆ ಕೇಳಿದಳು. ನಾನು ಅನ್ನಲಿಲ್ಲ.

ಮಾರನೆಯ ದಿನ ಮಾವನೂ ನಾನೂ ಪುಣಜನೂರಿಗೆ ಹೋದೆವು. ಚಾಮರಾಜನಗರದ ಪೇಟೆಯಲ್ಲಿ ನಾನು ಕೊಳವೆಯನ್ನು ಕುತ್ತಿಗೆಯಲ್ಲಿ ಎಲ್ಲರಿಗೂ ಕಾಣುವಂತೆ ಸರಿಮಾಡಿಕೊಂಡು ಕೂತಿದ್ದೆ. ವೈಪರಿನ ಕಡ್ಡಿ ದಾರಿಯುದ್ದಕ್ಕೂ ಅಲ್ಲಾಡಲಿಲ್ಲ. ಅದು ಎಷ್ಟು ಬಿಗಿಯಾಗಿತ್ತೆಂದರೆ, ಗಾಜಿನ ಧೂಳು ಒರೆಸುವಾಗ ನಾನು ಎರಡೂ ಕೈಯಿಂದ ನೂಕಿ ಪಕ್ಕಕ್ಕೆ ಸರಿಸಬೇಕಾಯಿತು. ಇದನ್ನು ನೆನಪಿಟ್ಟುಕೊಳ್ಳಿ.

ಊಟ ಮುಗಿಸಿ, ಬಿಸಿಲು ಇಳಿಯುವ ಮುಂಚೆಯೇ ಹೊರಟೆವು. ಕಾಡಿನ ಗಾಳಿ ತಾಗದಿರಲೆಂದು ಕೂಸನ್ನು ಶಾಲಿನಲ್ಲಿ ಸುತ್ತಿ, ಕೆನ್ನೆಗೆ ಕಪ್ಪು ಬೊಟ್ಟಿಟ್ಟು, ಅತ್ತೆಯ ತಾಯಿ ಒಂದು ಕಬ್ಬಿಣದ ತುಂಡನ್ನೂ ಮಡಿಲಿಗೆ ಹಾಕಿದರು. “ಇಡೀ ಕಾರೇ ಕಬ್ಬುಣ ಕಣಜ್ಜಿ, ಇನ್ಯಾಕ ತುಂಡು?” ಎಂದೆ. ಯಾರೂ ನಗಲಿಲ್ಲ. ಅತ್ತೆ ಕೂಸಿನೊಂದಿಗೆ ಹಿಂದೆ ಕೂತಳು. ನಾನು ಮಾವನ ಪಕ್ಕ ಮುಂದೆ ಕೂತೆ.

ಊರು ದಾಟಿ ಸ್ವಲ್ಪ ದೂರ ಬಂದಿದ್ದೆವು. ಮಳೆಯ ಸುಳಿವಿರದ ಒಣ ಬಿಸಿಲು. ಆಗ ವೈಪರಿನ ಕಡ್ಡಿ ಗಾಜಿನ ಮೇಲೆ ಒಂದು ಸಲ ಈ ಕಡೆಯಿಂದ ಆ ಕಡೆಗೆ ಹೋಯಿತು. ನಿಧಾನವಾಗಿ ಹಿಂದಕ್ಕೆ ಬಂತು. ಮತ್ತೆ ಹೋಯಿತು.

ಮಾವ ನನ್ನ ಕಡೆ ನೋಡಿದ. “ಕೊಳವೆ ಯಾವಾಗ ಹಾಕ್ದಲಾ?”

ನಾನು ಕುತ್ತಿಗೆಯಲ್ಲಿದ್ದ ಕೊಳವೆಯನ್ನು ಮುಟ್ಟಿ ತೋರಿಸಿದೆ.

“ಗಾಳಿಗ ಆಡ್ತಾ ಅದ, ಬುಡು,” ಎಂದ ಮಾವ. ಆದರೆ ಕಾರಿನ ವೇಗ ತಗ್ಗಿಸಿದ.

ಗಾಳಿಗೆ ಆಡುವಂಥದ್ದಲ್ಲ ಅದು ಎಂದು ಎರಡೂ ಕೈಯಿಂದ ನೂಕಿದ ನನಗೆ ಗೊತ್ತಿತ್ತು. ಇನ್ನೊಂದೂ ಗೊತ್ತಿತ್ತು. ಎಂಜಿನ್ನಿನ ಉಸಿರಿನಿಂದ ಆಡುವ ಕಡ್ಡಿ ಏರು ಹತ್ತುವಾಗ ಸುಸ್ತಾಗಿ ನಿಲ್ಲುತ್ತದೆ, ಇಳಿಜಾರಿನಲ್ಲಿ ಹುಚ್ಚು ಹಿಡಿದಂತೆ ಓಡುತ್ತದೆ. ಇದು ಏರಿಗೂ ಇಳಿಜಾರಿಗೂ ಒಂದೇ ಲೆಕ್ಕದಲ್ಲಿ ಆಡುತ್ತಿತ್ತು. ನಡುವೆ ಒಮ್ಮೆ ತಡೆದು, ಎರಡು ಸಲ ಪಟಪಟ ಹೊಡೆದು, ಮತ್ತೆ ಹಳೆಯ ಲೆಕ್ಕಕ್ಕೆ ಬರುತ್ತಿತ್ತು.

ಈ ತಮಾಷೆ ನೋಡೆಂದು ಅತ್ತೆಗೆ ಹೇಳಲು ಹಿಂದಕ್ಕೆ ತಿರುಗಿದೆ. ಅತ್ತೆ ತೂಕಡಿಸುತ್ತಿದ್ದಳು. ಅವಳ ಮಡಿಲಲ್ಲಿ ಕೂಸು ಮಲಗಿತ್ತು. ಶಾಲಿನ ಕೆಳಗೆ ಅದರ ಹೊಟ್ಟೆ ಏರಿತು, ಇಳಿಯಿತು. ನನ್ನ ಬೆನ್ನ ಹಿಂದೆ ಗಾಜಿನ ಮೇಲೆ ಕಡ್ಡಿ ಉಜ್ಜುವ ಸದ್ದು. ಹೊಟ್ಟೆ ಏರಿದಾಗ ಒಂದು, ಇಳಿದಾಗ ಒಂದು. ಕೂಸು ನಿದ್ದೆಯಲ್ಲಿ ಬಿಕ್ಕಿತು. ಸದ್ದು ತಡೆದು, ಎರಡು ಸಲ ಪಟಪಟ ಹೊಡೆಯಿತು.

ನಾನು ಮುಂದಕ್ಕೆ ತಿರುಗಿ ಕೂತೆ. ಮಾವನಿಗೆ ಹೇಳಲಿಲ್ಲ. ಹೇಳಿದ್ದರೆ, “ಸುರು ಮಾಡ್ದಲಾ ನಿನ್ನ ಪುರಾಣವ,” ಅನ್ನುತ್ತಿದ್ದ. ನನಗೂ ಇದು ನಾನೇ ಕಟ್ಟಿದ ಕತೆಯೆಂದು ನಂಬುವ ಆಸೆಯಿತ್ತು. ಕಣ್ಣು ಮಾತ್ರ ಕಡ್ಡಿಯ ಮೇಲೆಯೇ ಇತ್ತು. ಚಾಮರಾಜನಗರ ಇನ್ನೂ ದೂರವಿತ್ತು. ದಾರಿಯಲ್ಲಿ ಒಂದು ಗಾಡಿಯೂ ಎದುರಾಗಲಿಲ್ಲ.

ಕಡ್ಡಿ ಗಾಜಿನ ನಡುವೆ ಬಂದು ನಿಂತಿತು.

ಮೊದಲು ನನಗೆ ಹಾಯೆನಿಸಿತು. “ಅಂತೂ ಕಟ್ತು ಮಾವ, ಉಸ್ರು...” ಎಂದು ನಗುತ್ತ ಶುರು ಮಾಡಿದ ಮಾತು ಬಾಯಲ್ಲೇ ನಿಂತಿತು. ತಿರುಗಿ ನೋಡಿದೆ.

ಅತ್ತೆಗೆ ಗಾಢ ನಿದ್ದೆ. ತಲೆ ಎದೆಯ ಮೇಲೆ ಬಿದ್ದಿತ್ತು, ಕೂಸಿನ ಮುಖ ಅವಳ ತೋಳಿಗೂ ಶಾಲಿನ ಮಡಿಕೆಗೂ ನಡುವೆ ಹೂತು ಹೋಗಿತ್ತು. ಶಾಲಿನ ಕೆಳಗೆ ಏನೂ ಏರುತ್ತಿರಲಿಲ್ಲ, ಏನೂ ಇಳಿಯುತ್ತಿರಲಿಲ್ಲ.

ನಾನು ಕಿರುಚಿದೆ. ಸೀಟು ಹತ್ತಿ ಹಿಂದಕ್ಕೆ ಬಿದ್ದು ಶಾಲು ಎಳೆದೆ. ಕೂಸಿನ ತುಟಿ ನೇರಳೆ ತಿಂದ ಬಣ್ಣಕ್ಕೆ ತಿರುಗಿತ್ತು. ಅತ್ತೆ ಎದ್ದವಳೇ, “ಅಯ್ಯೋ ನನ್ ಕಂದ!” ಎಂದು ಕೂಸನ್ನು ಬೋರಲು ಹಾಕಿ ಬೆನ್ನು ತಟ್ಟಿದಳು, ಮುಖಕ್ಕೆ ಊದಿದಳು. ಮಾವ ಕಾರು ನಿಲ್ಲಿಸಿ ಕೀ ತಿರುಗಿಸಿದ. ಎಂಜಿನ್ನು ಸತ್ತಿತು. ಸುತ್ತಲೂ ಒಂದು ಹಕ್ಕಿಯ ಸದ್ದೂ ಇಲ್ಲ.

“ಬುಡ್ತು,” ಎಂದೆ. “ಬುಡ್ತು, ಬುಡ್ತು, ಬುಡ್ತು ಅಜ್ಜಿ.”

ಮುಂದೆ ಗಾಜು ಸರಕ್ಕೆಂದಿತು. ಕಡ್ಡಿ ಒಂದು ಗೇಣು ಸರಿದಿತ್ತು. ಎಂಜಿನ್ನು ನಿಂತಿತ್ತು, ಕೊಳವೆ ನನ್ನ ಕುತ್ತಿಗೆಯಲ್ಲಿತ್ತು, ಕಡ್ಡಿ ಸರಿಯಿತು. ಆಮೇಲೆ ಕೂಸು ಅತ್ತಿತು. ಯಾವುದು ಮೊದಲು ಎಂದು ಬಹಳ ಸಲ ನನ್ನನ್ನೇ ಕೇಳಿಕೊಂಡಿದ್ದೇನೆ. ಕಡ್ಡಿ ಮೊದಲು, ಅಳು ಆಮೇಲೆ.

ಅತ್ತೆ ಅದನ್ನು ನೋಡಲಿಲ್ಲ. ಮಾವ ನೋಡಿದ. ಇಳಿದು ಹೋಗಿ ಬಾನೆಟ್ ಎತ್ತಿದ. ನಾನೂ ಹೋಗಿ ಇಣುಕಿದೆ. ಬೆಣೆ ಬಡಿದ ಜಾಗದಲ್ಲೇ ಬಿಗಿಯಾಗಿತ್ತು, ಮೇಲಿನ ಮೂರು ಗೆರೆ ಕೂಡ ಅಳಿಸಿರಲಿಲ್ಲ. ಮಾವ ಬಾನೆಟ್ ಮುಚ್ಚಿ ತೋಳಿನಿಂದ ಮುಖ ಒರೆಸಿಕೊಂಡ. ಕಡ್ಡಿ ಕೂಸಿನ ಉಸಿರಿನ ಲೆಕ್ಕಕ್ಕೇ ಆಡುತ್ತಿತ್ತೆಂದು ಆಗ ಅವನಿಗೆ ಹೇಳಿದೆ. ಗುಂಡ್ಲುಪೇಟೆಯವರೆಗೂ ನಾನು ಹಿಂದೆ ಕೂತು ಕೂಸಿನ ಮುಖವನ್ನೇ ನೋಡುತ್ತಿದ್ದೆ. ಮಾವ ರಸ್ತೆಗಿಂತ ಹೆಚ್ಚಾಗಿ ಕಡ್ಡಿಯನ್ನು ನೋಡುತ್ತಿದ್ದ. ಅದು ಆಡುತ್ತಲೇ ಇತ್ತು.

ಮನೆಯ ಮುಂದೆ ಅಜ್ಜಿ ಆರತಿ ಎತ್ತಿ ಕೂಸನ್ನು ಎತ್ತಿಕೊಂಡಳು. ಅವಳು ಹೊಸಿಲು ದಾಟಿದ ಕೂಡಲೇ ಕಡ್ಡಿ ನಿಂತಿತು. ಮಾವನೂ ನಾನೂ ಒಬ್ಬರನ್ನೊಬ್ಬರು ತಳ್ಳಿಕೊಂಡು ಒಳಗೆ ಓಡಿದೆವು. ಕೂಸು ಅಜ್ಜಿಯ ಮೂಗು ಹಿಡಿದು ಎಳೆಯುತ್ತಿತ್ತು.

ಅದಾದ ಮೇಲೆ ಆ ಕಡ್ಡಿ ಆಡಿದ್ದನ್ನು ನಾನು ಕಂಡಿಲ್ಲ. ಕಾರು ಹಿತ್ತಲಿನಲ್ಲಿ ಕಡಲೆಕಾಯಿ ಮೂಟೆಗಳ ಪಕ್ಕ ನಿಂತಿದೆ. ಕೂಸು ಈಗ ಊರೆಲ್ಲ ಓಡಾಡುತ್ತದೆ. ಆದರೆ ಹಿತ್ತಲ ಬಾಗಿಲಿಗೆ ಸದಾ ಚಿಲಕ. ಕೆಮ್ಮು ಜ್ವರ ಬಂದರೆ ಮಾವ ಮೊದಲು ಡಾಕ್ಟರ ಹತ್ತಿರ ಹೋಗುವುದಿಲ್ಲ, ಹಿತ್ತಲಿಗೆ ಹೋಗಿ ಗಾಜು ನೋಡಿ ಬರುತ್ತಾನೆ. ಈ ಕತೆಯನ್ನು ನಾನು ಹೈಸ್ಕೂಲಿನಲ್ಲಿ ಒಂದು ಸಲ ಹೇಳಿದೆ. ಒಗ್ಗರಣೆ ಹಾಕದೆ ಹೇಳಿದ್ದರಿಂದ ಯಾರಿಗೂ ರುಚಿಸಲಿಲ್ಲ.

ಮೊನ್ನೆ ಬದನಗುಪ್ಪೆಯಿಂದ ಒಬ್ಬರು ಕಾರು ಕೊಳ್ಳಲು ಬಂದಿದ್ದರು. ಒಳಗೆ ಕೂತು, ವೈಪರಿನ ಗುಂಡಿ ತಿರುಗಿಸಿ ನೋಡಿ, “ಇದು ಕೆಟ್ಟೋಗ್ಯದಲ್ಲ ಗುರುಮಲ್ಲಪ್ಪೋರೇ. ಇರ್ಲಿ, ಹೊಸಾ ಕೊಳವೆ ಹಾಕಿಸ್ಕತೀನಿ,” ಎಂದರು. ಮಾವ ಅವರ ತೋಳು ಹಿಡಿದು ಕಾರಿನಿಂದ ಇಳಿಸಿ ಬಾಗಿಲು ಮುಚ್ಚಿದ. ಮಾರುವುದಿಲ್ಲ ಎಂದ. ಅವರು ಬೈದುಕೊಂಡು ಹೋದರು.

“ಯಾಕ್ ಮಾವ?” ಎಂದೆ.

ಮಾವ ಗಾಜಿನ ಮೇಲಿನ ಕಡ್ಡಿಯ ಕಡೆ ಕೈ ತೋರಿಸಿದ.

“ಕೊಳವೆನೇ ಇಲ್ದಾಗ ಅದು ಕೂಸಿನ ಉಸ್ರ ಹಿಡ್ಕಂಡಿತ್ತು ಕಣ್ಲಾ,” ಎಂದ. “ಈಗ ಕೊಳವೆ ಹಾಕುದ್ರ, ಯಾರುಸ್ರ ಎಳ್ಕತದ ಹೇಳು?”

ಯಾರು ಏನು ಕೇಳಿದರೂ ನನ್ನ ಬಾಯಲ್ಲಿ ಒಂದು ಉತ್ತರ ಸಿದ್ಧವಾಗಿರುತ್ತದೆ. ಇದಕ್ಕೆ ಮಾತ್ರ, “ಬುಡ್ತು ಅನ್ನು ಮಾವ,” ಎಂದೆ.